ಇಪ್ಪತ್ಮೂರನೇ ಸೆಟ್

ಕೊಪ್ಪೀಕರ ರೋಡಿನ ಹಿಂದಿನ ಸಂದಿಯೊಳಗ, ಮಟ್ಟಲ ಹತ್ತಿದ್ರ
ನಂದೊಂದು ಅಂಗಡಿ. ಬೋರ್ಡಿಲ್ಲ. ಕೇಳಕೋತ ಬರತಾರ.
ವಾಕಿಟಾಕಿ ಬಾಡಿಗಿ, ದಿನಕ್ಕ ನೂರಾ ಇಪ್ಪತ್ತು, ಡಿಪಾಜಿಟ್ ಬ್ಯಾರೆ.
ನಲವತ್ತೆರಡು ಸೆಟ್. ಎಲ್ಲಾದರ ಬೆನ್ನಿಗೂ ನಂಬರ,
ನನ್ನ ಹೆಂಡ್ತಿ ಉಗುರಬಣ್ಣದಾಗ ಬರದದ್ದು:
ಹತ್ತರ ತನಕ ಕೆಂಪು, ಮುಂದ ಬಾಟ್ಲಿ ತೀರಿ ಗುಲಾಬಿ.

"ನಮ್ಮ ಮಂದಿಗೆ ಇದರ ಗರಜೇನು?" ಅಂತಿದ್ದ ನಮ್ಮಪ್ಪ,
"ದುರ್ಗದಬೈಲಿನ್ಯಾಗ ನಿಂತು ಒಬ್ಬಾಂವ ಒದರಿದ್ರ
ಉಣಕಲ್ ಕೆರ್‍ಯಾಗಿನ ಬಾತುಕೋಳಿ ತಿರಗಿ ನೋಡತಾವ."

ಆದ್ರೂ ಒಯ್ಯತಾರ. ತಿರಗಿ ಬಂದಾಗ ಮೂಗಿಗೆ ಹಿಡದ್ರ
ಎಲ್ಲಿಗೆ ಹೋಗಿತ್ತಂತ ಗೊತ್ತಾಗತೈತಿ.
ಲಗ್ನದ್ದು ಅತ್ತರ, ಬುಂದೇದ ಎಣ್ಣಿ.
ಧಾರವಾಡದ ಕಾಲೇಜ ಗ್ಯಾದರಿಂಗಿಂದು ಬೆವರು, ಬಬಲಗಮ್ಮು.
ಕಟ್ಟಡದ್ದು ಬರೇ ಸಿಮೆಂಟು.
ಹಲ್ಲುಜ್ಜೋ ಬ್ರಶ್ ಹಿಡದು ಜಾಳಗಿ ತಿಕ್ಕತೇನಿ;
ಮಾತು ಹೋಗೋ ತೂತು ಅವು, ಮುಚ್ಚಬಾರದು.

ಇಪ್ಪತ್ಮೂರು ತಾರಿಹಾಳಕ್ಕ ಹೋಗಿತ್ತು. ಗೋದಾಮ ಕಟ್ಟತಿದ್ರು.
ಕ್ರೇನಿನ್ಯಾಗ ಕುಂತಾವಗೊಂದು, ಬುಡಕ ನಿಂತಾವಗೊಂದು.
ಒಂಬತ್ತನೇ ದಿನ, ಬೀಮು
ಇಳೀಬಾರದ ಹೊತ್ನ್ಯಾಗ ಇಳೀತು.
ಹೊನ್ನಪ್ಪ ಲಮಾಣಿ ಅಂತ, ಲಕ್ಷ್ಮೇಶ್ವರ ಕಡೆಯಾಂವ.
ಜೀವ ಉಳೀತು.
ಎಡಗೈದು ಮೂರು ಬಟ್ಟು ಉಳೀಲಿಲ್ಲ.

ಪೊಲೀಸರು ಬಂದ್ರು. ಸೆಟ್ ಟೇಬಲ್ ಮ್ಯಾಲಿಟ್ಟು
"ಹತ್ತೂ ಇಪ್ಪತ್ತಕ್ಕ ಯಾರು ಏನಂದ್ರು, ತಗದು ಕೇಳಸ್ರಿ."
ಇದು ಫೋನಲ್ರೀ ಸಾಹೇಬ್ರ, ಇದರಾಗ ಏನೂ ಉಳ್ಯೂದಿಲ್ಲ,
ಅಂದದ್ದು ಅಂದಂಗ ಗಾಳಿಗೆ ಹೋತು.
ಒಮ್ಮಿಗೇ ಇಬ್ರು ಗುಂಡಿ ಒತ್ತಿದ್ರ ಕರ್ರ್ ಅಂತೈತಿ, ಅಷ್ಟ.
"ನಿಲ್ಲಸು" ಅಂದದ್ದೂ ಕೇಳಸೂದಿಲ್ಲ,
"ಬರ್ಲಿ ಬರ್ಲಿ" ಅಂದದ್ದೂ ಕೇಳಸೂದಿಲ್ಲ.
ಹಂಗಾಗಿರಬೇಕ್ರಿ, ಅಂದೆ.
ಬರಕೊಂಡ್ರು. ಚಾ ಕುಡದ್ರು. ಹ್ವಾದ್ರು.

ಅವರು ಬರಕೊಳ್ಳಲಾರದ್ದು ಒಂದೈತಿ.
ಇಪ್ಪತ್ಮೂರರ ಬ್ಯಾಟರಿ ಯುಗಾದಿಯಿಂದ ಸೋತಿತ್ತು.
ಎಂಟು ತಾಸು ಬರೂದು ಮೂರು ತಾಸಿಗೇ ಕಣ್ಣು ಮುಚ್ಚತಿತ್ತು.
ಹೊಸಾದು ಒಂಬೈನೂರು. ಲಗ್ನದ ಸೀಜನ್ ಮುಗೀಲಿ ಅಂದಿದ್ದೆ.
ಏಳಕ್ಕ ಕೆಲಸ ಸುರು. ಎಂಟು, ಒಂಬತ್ತು, ಹತ್ತು.
ಬಟ್ಟು ಮಡಚಿ ಎಣಸತೇನಿ.
ನನಗ ಎಣಸಾಕ ಎಲ್ಲಾ ಅದಾವ.

ಆವತ್ತಿನಿಂದ ಯಾರಿಗೆ ಕೊಟ್ರೂ ಮೊದಲ ಪಾಠ:
ಒತ್ರಿ. ಒಂದು ಉಸರು ತಡೀರಿ. ಆಮ್ಯಾಲ ಮಾತಾಡ್ರಿ.
ಬಿಡ್ರಿ. ಬಿಡೂದು ಮರೀಬ್ಯಾಡ್ರಿ,
ಬಿಟ್ರನ ಎದರಿನಾವಂದು ಕೇಳಸೂದು.
"ಬರತೈತಿ ಬಿಡ ಕಾಕಾ" ಅಂತ ಹುಡುಗ್ರು ನಗತಾರ.
ಚಾರ್ಜರ್ ಜೋಡಸ್ಕೋತ ನನ್ನ ಹೆಂಡ್ತಿ:
"ಮೂವತ್ತು ವರ್ಷಾತು, ನನ್ನ ಮುಂದ ಒಮ್ಮೆರೆ ಗುಂಡಿ ಬಿಟ್ಟಿಲ್ಲ ಇವರು,
ಊರಿಗೆ ಪಾಠ ಹೇಳಾಕತ್ಯಾರ."

ಕಾರಹುಣ್ಣಿಮಿ ಮರುದಿನ ಮಟ್ಟಲ ಹತ್ತಿ ಒಬ್ಬಾಂವ ಬಂದ.
ಬಲಗೈಯಾಗ ಒಂದು ಕರೀ ಕ್ಲಿಪ್ಪು, ಪಟ್ಟಾಕ್ಕ ಸಿಗಸೂದು.
"ನಿಮ್ದರೀ ಇದು. ದವಾಖಾನ್ಯಾಗ ನನ್ನ ಅರಬಿ ಗಂಟಕಟ್ಟಿ ಕೊಟ್ಟಿದ್ರು,
ಅದರಾಗ ಉಳದಿತ್ತು. ಬಾಡಿಗಿ ಸಾಮಾನು, ಇಟಗೋಬಾರದಂತ..."
ಕ್ಲಿಪ್ಪಿಗೆ ಮೂವತ್ತು ರೂಪಾಯಿ.
ಬಸ್ಸಿಗೆ ಅದಕ್ಕಿಂತ ಹೆಚ್ಚು ಕೊಟ್ಟು ಬಂದಿದ್ದ.

ಕೇಳಬೇಕಂತಿತ್ತು: ಹೊನ್ನಪ್ಪ, ಆವತ್ತು ಸೆಟ್ಟಿನ ದೀಪ ಉರೀತಿತ್ತೇನು?
ಹೇಳಬೇಕಂತಿತ್ತು ಒಂಬೈನೂರು ರೂಪಾಯಿ ಮಾತು.
ಅವನ ಗಂಟಲಾಗೂ ಏನೋ ಇತ್ತು.
ಇಬ್ಬರೂ ಒಮ್ಮಿಗೇ "ಅದು..." ಅಂದ್ವಿ.
ಇಬ್ಬರೂ ಸುಮ್ಮನಾದ್ವಿ.

ನನ್ನ ಹೆಂಡ್ತಿ ಚಾ ತಂದು ಅವನ ಮುಂದಿಟ್ಟಳು.
ಕಪ್ಪು ಒಂದ ಕೈಲೆ, ಬಸಿ ಹೆಂಗ ಹಿಡೀತಾನ
ಅನ್ನೂದು ಕಾಣಬಾರದಂತ ಕಿಟಕಿ ಕಡೆ ತಿರಗಿದೆ.
ಕೆಳಗ ಆಟೋ, ಹಾರ್ನು, ಉಳ್ಳಾಗಡ್ಡಿ ಗಾಡಿಯಾಂವ.
ಹುಬ್ಬಳ್ಳಿ ತನ್ನ ಗುಂಡಿ ತಾನ ಒತ್ತಿಕೊಂಡು ಒದರಾಕತ್ತಿತ್ತು.

ಒಂದು ಉಸರು ತಡದೆ.
"ನೀ ಮೊದಲ ಹೇಳಪಾ"
ಅಂದೆ.
ಬಿಟ್ಟೆ.